ಹುಲ್ಲು ಮೇಯುವ ಮೀನಿನ ಹಿಂಡು

(ಉಡುಪಿಯಲ್ಲಿ ಕಡಲ ಜೀವಿಗಳ ಬಗ್ಗೆ ಆಸಕ್ತಿ ಇರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿರುವ ಮೀನು ಮಲ್ಪೆ ಬಂದರಿಗೆ ಬರುವುದಿಲ್ಲ. ಬಂಗುಡೆ, ಬೂತಾಯಿ, ಅಂಜಲ್ ಬಿಟ್ಟು ದೂರದ ಮೀನು ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಒಂದು ಸಾಧಾರಣ ಮೀನು ತನ್ನ ಊಟದಿಂದಲೇ ಕಡಲ ತಳವನ್ನು ಹೇಗೆ ಬದಲಾಯಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕೊನೆಗೆ ಈ ಕತೆ ಲಕ್ಷದ್ವೀಪದವರೆಗೂ ಬರುತ್ತದೆ.

ಮೀನಿನ ಹೆಸರು ಸಲೇಮಾ. ವೈಜ್ಞಾನಿಕ ಹೆಸರು ಸಾರ್ಪಾ ಸಾಲ್ಪಾ. ಮೆಡಿಟರೇನಿಯನ್ ಸಮುದ್ರದ ಉದ್ದಗಲಕ್ಕೂ ಇದೆ. ಅಟ್ಲಾಂಟಿಕ್‌ನ ಪೂರ್ವ ಕರಾವಳಿಯಲ್ಲಿ ಫ್ರಾನ್ಸ್, ಸ್ಪೇನ್‌ ನಡುವಿನ ಬಿಸ್ಕೇ ಕೊಲ್ಲಿಯಿಂದ ಕೆಳಗೆ ದಕ್ಷಿಣ ಆಫ್ರಿಕಾದವರೆಗೂ ಸಿಗುತ್ತದೆ. ಸಾಮಾನ್ಯವಾಗಿ ಗೇಣುದ್ದ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧ ಮೀಟರ್ ತಲುಪುವುದು ಬಹಳ ಅಪರೂಪ. ಬೆಳ್ಳಿ ಬಣ್ಣದ ಮೈ, ಅದರ ಮೇಲೆ ತಲೆಯಿಂದ ಬಾಲದವರೆಗೆ ಹತ್ತು ಹನ್ನೊಂದು ಚಿನ್ನದ ಬಣ್ಣದ ಗೆರೆಗಳು. ಹಳದಿ ಕಣ್ಣು. ಎದೆಯ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಇಷ್ಟು ಗೊತ್ತಿದ್ದರೆ ಸಾಕು, ಎಲ್ಲಿ ಕಂಡರೂ ಗುರುತು ಹಿಡಿಯಬಹುದು.

ಇದು ಒಂಟಿಯಾಗಿ ಕಾಣುವುದು ಕಡಿಮೆ. ಕಲ್ಲುಬಂಡೆ ಇರುವ ದಡದಲ್ಲಿ, ಆಳ ಇಲ್ಲದ ನೀರಿನಲ್ಲಿ, ಹತ್ತಿಪ್ಪತ್ತರಿಂದ ಹಿಡಿದು ಕೆಲವು ನೂರರವರೆಗೆ ಒಟ್ಟಿಗೆ ತಿರುಗುತ್ತವೆ. ಹಿಂಡು ಬಂಡೆಯ ಮೇಲೆ ಇಳಿದರೆ ಎಲ್ಲವೂ ತಲೆ ಕೆಳಗೆ, ಬಾಲ ಮೇಲೆ. ಒಂದೆರಡು ನಿಮಿಷ ಕಚ್ಚಿ ಕಚ್ಚಿ ತಿನ್ನುತ್ತವೆ. ಆಮೇಲೆ ಯಾವುದೋ ಒಂದು ಹೊರಟಿತೋ, ಉಳಿದವೂ ಹಿಂದೆಯೇ ಹೊರಟವು. ಗದ್ದೆ ಕೊಯ್ಲಾದ ಮೇಲೆ ಬಿಟ್ಟ ದನಗಳು ಒಂದು ಕಡೆ ಮೇಯುತ್ತಾ ಮುಂದಿನ ಗದ್ದೆಗೆ ಸರಿಯುತ್ತವಲ್ಲ, ಥೇಟ್ ಹಾಗೆ.

ದನದ ಮಾತು ಸುಮ್ನೆ ಬಂದದ್ದಲ್ಲ. ದೊಡ್ಡ ಸಲೇಮಾ ನಿಜವಾಗಿ ಸಸ್ಯಾಹಾರಿ. ಮರಿಗಳು ಸಣ್ಣಪುಟ್ಟ ಸಿಗಡಿ ಜಾತಿಯ ಜೀವಿಗಳನ್ನೂ ತಿನ್ನುತ್ತವೆ. ಬೆಳೆದ ಮೇಲೆ ಊಟ ಪಾಚಿ, ಕಡಲಕಳೆ ಮತ್ತು ಕಡಲ ಹುಲ್ಲು. ಉಷ್ಣವಲಯದ ಹವಳ ದಿಬ್ಬಗಳಲ್ಲಿ ಸಸ್ಯ ತಿನ್ನುವ ಮೀನುಗಳು ಹತ್ತಾರು ಜಾತಿ ಇವೆ. ಮೆಡಿಟರೇನಿಯನ್‌ನಂಥ ಸಮಶೀತೋಷ್ಣ ಸಮುದ್ರದಲ್ಲಿ ಹಾಗಲ್ಲ. ಅಲ್ಲಿನ ಮೂಲ ನಿವಾಸಿಗಳಲ್ಲಿ ಅಪ್ಪಟ ಸಸ್ಯಾಹಾರಿ ಅಂತ ಹೇಳಬಹುದಾದ ಮೀನುಗಳು ಎರಡೇ. ಒಂದು ಅಲ್ಲಿನ ಗಿಳಿಮೀನು, ಇನ್ನೊಂದು ಈ ಸಲೇಮಾ. ಗಿಳಿಮೀನು ಬೆಚ್ಚಗಿನ ತೆಂಕಣ ಭಾಗದಲ್ಲೇ ಜಾಸ್ತಿ. ಹಾಗಾಗಿ ಬಡಗಣ ಕರಾವಳಿಯ ಹೆಚ್ಚಿನ ಕಡೆ ಮೇಯುವ ಕೆಲಸ ಸಲೇಮಾ ಒಂದರ ಮೇಲೆಯೇ ಬಿದ್ದಿದೆ.

ಇದರ ಊಟ ಹಳೆಯ ಕಾಲದವರ ಕಣ್ಣಿಗೂ ಬಿದ್ದಿತ್ತು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಈ ಮೀನು ಕಡಲಕಳೆ ತಿನ್ನುತ್ತದೆ, ಹೊಲಸನ್ನೂ ತಿನ್ನುತ್ತದೆ ಅಂತ ಬರೆದಿದ್ದಾನೆ. ಜತೆಗೆ ಇನ್ನೊಂದು ಮಾತು ಸೇರಿಸಿದ್ದಾನೆ: ಮೀನುಗಳಲ್ಲಿ ಸೋರೆಕಾಯಿ ಜಾತಿಯ ಕಾಯಿಯನ್ನು ಗಾಳಕ್ಕೆ ಚುಚ್ಚಿ ಹಿಡಿಯಬಹುದಾದದ್ದು ಇದೊಂದೇ. ನನಗೆ ಈ ವಾಕ್ಯ ಬಹಳ ಇಷ್ಟ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಯಾವುದೋ ದಡದಲ್ಲಿ ಗಾಳ ಹಾಕುವವರು ಎರೆಹುಳು ಬಿಟ್ಟು ತರಕಾರಿ ಚುಚ್ಚುತ್ತಿದ್ದರು. ಅವರಿಗೆ ಗೊತ್ತಿದ್ದದ್ದನ್ನು ಅರಿಸ್ಟಾಟಲ್ ಕೇಳಿ ಬರೆದುಕೊಂಡ.

ರುಚಿಯ ವಿಷಯದಲ್ಲಿ ಮಾತ್ರ ಹಿಂದಿನಿಂದಲೂ ಜಗಳ. ರೋಮಿನ ಲೇಖಕ ಪ್ಲಿನಿ ಕ್ರಿಸ್ತಶಕ 1ನೇ ಶತಮಾನದವನು. ಯಾವ ಊರಿನಲ್ಲಿ ಯಾವ ಮೀನಿಗೆ ಮಾನ ಅಂತ ಪಟ್ಟಿ ಮಾಡುತ್ತಾ, ಈಗಿನ ಸ್ಪೇನ್‌ನ ಇಬಿಜಾ ದ್ವೀಪದ ಸುತ್ತ ಈ ಮೀನೇ ಮೊದಲನೆಯದು ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಬೇರೆ ಕಡೆ ಇದು ಅಸಹ್ಯ, ಬೆತ್ತದಿಂದ ಬಡಿಯದಿದ್ದರೆ ಎಲ್ಲಿಯೂ ಸರಿಯಾಗಿ ಬೇಯುವುದಿಲ್ಲ ಅಂತಲೂ ಹೇಳುತ್ತಾನೆ. ಈಗಲೂ ಹೆಚ್ಚು ಕಡಿಮೆ ಹಾಗೇ. ಟ್ಯುನೀಷಿಯಾದಂಥ ಕಡೆ ಮನೆಗಳಲ್ಲಿ ತಿನ್ನುತ್ತಾರೆ. ಫ್ರಾನ್ಸ್, ಇಟಲಿಯ ಮಾರುಕಟ್ಟೆಯಲ್ಲಿ ಅಗ್ಗದ ಮೀನು. ಹಿಡಿದ ತಕ್ಷಣ ಹೊಟ್ಟೆ ಸೀಳಿ ಶುಚಿ ಮಾಡದಿದ್ದರೆ ಕರುಳಿನಲ್ಲಿರುವ ಕೊಳೆತ ಪಾಚಿಯ ವಾಸನೆ ಮಾಂಸಕ್ಕೆ ಹತ್ತುತ್ತದೆ. ಸೊಪ್ಪು ತಿನ್ನುವ ಪ್ರಾಣಿಗೆ ಕರುಳು ಉದ್ದ ಇರಲೇಬೇಕು, ಅಲ್ವಾ? ಆ ಉದ್ದದ ಕರುಳಿನ ಫಲ ಇದು.

ಇಂಟರ್ನೆಟ್‌ನಲ್ಲಿ ಸಲೇಮಾ ಅಂತ ಹುಡುಕಿದರೆ ಮೊದಲು ಬರುವುದು ಇದ್ಯಾವುದೂ ಅಲ್ಲ. ತಿಂದರೆ ಭ್ರಮೆ ಹುಟ್ಟಿಸುವ ಮೀನು ಅಂತ ಬರುತ್ತದೆ. ನಿಮ್ಮಲ್ಲಿ ಕೆಲವರು ಓದಿರಬಹುದು. ಇದರಲ್ಲಿ ನಿಜ ಇದೆ, ಆದರೆ ಹಬ್ಬಿರುವಷ್ಟಿಲ್ಲ.

2006ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಷ ಚಿಕಿತ್ಸಾ ತಜ್ಞರು ಎರಡು ಪ್ರಕರಣಗಳನ್ನು ಪ್ರಕಟಿಸಿದರು. ಮೊದಲನೆಯದು 1994ರದ್ದು. ರಜೆಗೆ ಬಂದಿದ್ದ ನಲವತ್ತು ವರ್ಷದ ಒಬ್ಬರು ಸಲೇಮಾ ಬೇಯಿಸಿ ತಿಂದಿದ್ದರು. ವಾಂತಿ, ಸುಸ್ತು, ಕಣ್ಣು ಮಂಜು. ರಜೆ ಮೊಟಕು ಮಾಡಿ ಮನೆಗೆ ಹೊರಟರೆ ದಾರಿಯಲ್ಲಿ ಕಾರಿನ ಸುತ್ತ ದೈತ್ಯ ಹುಳುಗಳು ಕಾಣತೊಡಗಿದವು. ಕಾರು ಓಡಿಸಲಾಗದೆ ಆಸ್ಪತ್ರೆ ಸೇರಿದರು. ಸುಮಾರು 36 ಗಂಟೆಯಲ್ಲಿ ಸರಿಹೋಯಿತು. ಎರಡನೆಯದು 2002ರದ್ದು. ತೊಂಬತ್ತು ವರ್ಷದ ಹಿರಿಯರು. ಮೀನು ತಿಂದ ಮೇಲೆ ಮನುಷ್ಯರ ಕಿರುಚಾಟ, ಹಕ್ಕಿಗಳ ಕೂಗು ಕೇಳಿಸತೊಡಗಿತು. ರಾತ್ರಿ ಕೆಟ್ಟ ಕನಸು. ತನಗೆ ಮಾನಸಿಕ ಕಾಯಿಲೆ ಶುರುವಾಯಿತೇನೋ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ಕೆಲವು ದಿನದಲ್ಲಿ ತಾನಾಗಿಯೇ ಹೋಯಿತು. ಆಮೇಲೆ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದರು.

ಆ ಹಿರಿಯರು ಎರಡು ರಾತ್ರಿ ಒಬ್ಬರೇ ಹೆದರಿಕೊಂಡು ಕೂತದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜನ ಇದನ್ನು ನಶೆಯ ಮೀನು ಅಂತ ಖುಷಿಯಿಂದ ಹಂಚಿಕೊಳ್ಳುತ್ತಾರೆ. ಇದು ನಶೆಯಲ್ಲ, ವಿಷ. ಇಂಥ ಪ್ರಕರಣಗಳು ವಿರಳ. ಹೆಚ್ಚಿನವರು ತಿಂದು ಆರಾಮಾಗಿರುತ್ತಾರೆ. ಯಾವ ಮೀನಿನಲ್ಲಿ ವಿಷ ಇದೆ ಅಂತ ನೋಡಿ ಹೇಳಲು ಆಗುವುದಿಲ್ಲ, ಬೇಯಿಸಿದ ಮಾತ್ರಕ್ಕೆ ಹೋಗುವುದೂ ಇಲ್ಲ. ಟ್ಯುನೀಷಿಯಾದಲ್ಲಿ ನಡೆದ ಪರೀಕ್ಷೆಗಳಲ್ಲಿ ಮಾಂಸಕ್ಕಿಂತ ಕರುಳು, ಯಕೃತ್ತಿನಲ್ಲೇ ವಿಷದ ಅಂಶ ಜಾಸ್ತಿ ಕಂಡಿತು. ಹುಲ್ಲಿನ ಎಲೆಗಳ ಮೇಲೆ ಅಂಟಿ ಬೆಳೆಯುವ ಸೂಕ್ಷ್ಮ ಜೀವಿಗಳ ಮೇಲೆ ವಿಜ್ಞಾನಿಗಳಿಗೆ ಗುಮಾನಿ. ಅಂದರೆ ವಿಷ ಮೀನಿನ ಸ್ವಂತದ್ದಲ್ಲ, ಮೇವಿನಿಂದ ಬಂದದ್ದು. ತಲೆ, ಕರುಳು ತೆಗೆದು ತಿನ್ನುವುದು ಅಲ್ಲಿನವರ ರೂಢಿ, ಅದು ಸರಿಯಾದ ರೂಢಿ.

ಈಗ ಆ ಮೇವಿನ ಕಡೆಗೇ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಅದೇ.

ಮೆಡಿಟರೇನಿಯನ್ ತಳದಲ್ಲಿ ಪೊಸಿಡೋನಿಯಾ ಅನ್ನುವ ಕಡಲ ಹುಲ್ಲು ಇದೆ. ಇದು ಪಾಚಿಯಲ್ಲ. ಬೇರು, ಎಲೆ, ಹೂವು, ಕಾಯಿ ಎಲ್ಲ ಇರುವ ನಿಜವಾದ ಗಿಡ. ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಜಾತಿ ಇಲ್ಲ. ದಡದಿಂದ ಶುರುವಾಗಿ ಸುಮಾರು 40 ಮೀಟರ್ ಆಳದವರೆಗೆ ಹಾಸಿಕೊಂಡಿರುತ್ತದೆ. ಎಲೆ ಬೆರಳಗಲದ ಪಟ್ಟಿ, ಉದ್ದ ಒಂದು ಮೀಟರ್‌ವರೆಗೂ ಹೋಗಬಹುದು. ಹರಡುವುದು ಮಾತ್ರ ಬಹಳ ನಿಧಾನ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಇಬಿಜಾ ಸುತ್ತಲಿನ ಹುಲ್ಲುಗಾವಲುಗಳು 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಕೆಲವು ಗಿಡಗಳ ಬುಡ ಸಾವಿರಾರು ವರ್ಷ ಹಳೆಯದು ಅಂತ ವಂಶವಾಹಿ ಪರೀಕ್ಷೆ ಮಾಡಿದವರು ಅಂದಾಜಿಸಿದ್ದಾರೆ. ದೋಣಿಗಳ ಲಂಗರು ಈ ಹುಲ್ಲನ್ನು ಕಿತ್ತು ಹಾಕುತ್ತದೆ ಅಂತ 2018ರಲ್ಲಿ ಅಲ್ಲಿನ ಬಾಲಿಯಾರಿಕ್ ದ್ವೀಪಗಳ ಸರ್ಕಾರ ಹುಲ್ಲಿನ ಮೇಲೆ ಲಂಗರು ಹಾಕುವುದನ್ನೇ ನಿಷೇಧಿಸಿತು.

ಇಂಥ ಬೆಲೆಬಾಳುವ ಹುಲ್ಲನ್ನು ಸಲೇಮಾ ತಿನ್ನುತ್ತದೆ. ಎಷ್ಟು ತಿನ್ನುತ್ತದೆ?

ಬಹಳ ಕಾಲ ವಿಜ್ಞಾನಿಗಳು ತೀರಾ ಕಡಿಮೆ ಅಂತಲೇ ನಂಬಿದ್ದರು. ಎಲೆ ಗಡುಸು, ಪೌಷ್ಟಿಕಾಂಶ ಕಡಿಮೆ, ಹೆಚ್ಚಿನದು ಉದುರಿ ಕೊಳೆಯುತ್ತದೆ ಅನ್ನುವುದು ಲೆಕ್ಕಾಚಾರ. ಸ್ಪೇನ್‌ನ ಕ್ಯಾಟಲೋನಿಯಾ ಕರಾವಳಿಯಲ್ಲಿ ಪತ್ರಿಸಿಯಾ ಪ್ರಾದೋ, ತೆರೇಸಾ ಅಲ್ಕೊವೆರೋ ಮೊದಲಾದವರು ಹುಲ್ಲಿನ ಕಂತೆಗಳಿಗೆ ಗುರುತು ಹಾಕಿ, ಎಷ್ಟು ಬೆಳೆಯಿತು, ಎಷ್ಟು ಹೋಯಿತು ಅಂತ ನೇರವಾಗಿ ಅಳೆದರು. 2007ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಒಂದು ವರ್ಷದಲ್ಲಿ ಬೆಳೆದ ಎಲೆಯಲ್ಲಿ ಸರಾಸರಿ ಶೇ 57ರಷ್ಟು ಮೇಯುವ ಜೀವಿಗಳ ಪಾಲು. ಅದರಲ್ಲಿ ಶೇ 40 ಸಲೇಮಾ ಒಂದರದ್ದೇ. ಉಳಿದ ಶೇ 17 ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳದ್ದು. ಬಂಡೆಯ ಹತ್ತಿರ, ಆಳ ಇಲ್ಲದ ಕಡೆ, ಬೇಸಿಗೆಯಲ್ಲಿ ಈ ಮೇಯುವಿಕೆ ಜೋರು. ಬೇಸಿಗೆ ಮುಗಿಯುವ ಹೊತ್ತಿಗೆ ಕೆಲವು ಕಡೆ ಹುಲ್ಲು ಕತ್ತರಿಸಿಟ್ಟಂತೆ ಗಿಡ್ಡವಾಗಿರುತ್ತದೆ.

ಯಾರು ತಿಂದದ್ದು ಅಂತ ಹೇಗೆ ಗೊತ್ತಾಗುತ್ತದೆ? ಎಲೆಯನ್ನೇ ಕೇಳಬೇಕು. ಸಲೇಮಾದ ದವಡೆಯಲ್ಲಿ ಒಂದೇ ಸಾಲಿನ ಚಪ್ಪಟೆ ಬಾಚಿಹಲ್ಲುಗಳು. ಮೇಲಿನವುಗಳ ತುದಿಯಲ್ಲಿ ಒಂದು ಕಚ್ಚು, ಕೆಳಗಿನವು ಮುಮ್ಮೂಲೆಯಾಗಿ ಚೂಪು. ಎರಡೂ ಸೇರಿದಾಗ ಎಲೆ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗುತ್ತದೆ. ಎಲೆಯ ತುದಿಯಲ್ಲೋ ಅಂಚಿನಲ್ಲೋ ನಯವಾದ ಅರ್ಧ ಚಂದ್ರ ಉಳಿಯುತ್ತದೆ. ಅರ್ಚಿನ್ ಕಚ್ಚಿದರೆ ಅಂಚು ಚಿಂದಿ ಚಿಂದಿಯಾಗಿ, ನಾರು ಹೊರಟು ಹರಿದಿರುತ್ತದೆ. ಒಮ್ಮೆ ನೋಡಿ ಅಭ್ಯಾಸವಾದರೆ ಎರಡನ್ನೂ ಕ್ಷಣದಲ್ಲಿ ಬೇರೆ ಮಾಡಬಹುದು.

ಇಷ್ಟು ತಿಂದರೂ ಹುಲ್ಲು ಯಾಕೆ ಸಾಯುವುದಿಲ್ಲ? ಪೊಸಿಡೋನಿಯಾ ಎಲೆ ಬೆಳೆಯುವುದು ಬುಡದಿಂದ. ತುದಿ ಅಂದರೆ ಎಲೆಯ ಅತ್ಯಂತ ಹಳೆಯ ಭಾಗ. ಅಲ್ಲಿ ಪಾಚಿ, ಸಣ್ಣ ಜೀವಿಗಳು ಅಂಟಿಕೊಂಡು ಪೌಷ್ಟಿಕಾಂಶ ಜಾಸ್ತಿ ಇರುತ್ತದೆ. ಮೀನಿಗೆ ಇಷ್ಟವಾಗುವುದು ಅದೇ ತುದಿ. ಬೆಳೆಯುವ ಕಣ್ಣು ಕೆಳಗೆ ಭದ್ರವಾಗಿರುತ್ತದೆ, ಗಿಡ ಮತ್ತೆ ಎಲೆ ಬಿಡುತ್ತದೆ. ಸಾವಿರಾರು ವರ್ಷ ಒಟ್ಟಿಗೆ ಬದುಕಿದವುಗಳ ನಡುವಿನ ಹೊಂದಾಣಿಕೆ ಇದು.

ಇನ್ನೊಂದು ವಿಷಯ ನನಗೆ ಇನ್ನೂ ಆಶ್ಚರ್ಯ. ಹುಲ್ಲು ಎತ್ತರ ಇದ್ದಾಗ ಅರ್ಚಿನ್‌ಗಳು ಅದರೊಳಗೆ ಅಡಗಿಕೊಂಡು ಬಚಾವಾಗುತ್ತವೆ. ಸಲೇಮಾ ಹಿಂಡು ಮೇಯ್ದು ಹುಲ್ಲು ಗಿಡ್ಡ ಮಾಡಿದರೆ ಅವು ಬಯಲಿಗೆ ಬೀಳುತ್ತವೆ, ಬೇರೆ ಮೀನುಗಳು ಹಿಡಿದು ತಿನ್ನುತ್ತವೆ. ಇದನ್ನೂ ಕ್ಯಾಟಲೋನಿಯಾದ ವಿಜ್ಞಾನಿಗಳೇ ಕಡಲಿನಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅಂದರೆ ಹುಲ್ಲು ತಿನ್ನುವ ಒಂದು ಜೀವಿ, ಹುಲ್ಲು ತಿನ್ನುವ ಇನ್ನೊಂದು ಜೀವಿಯ ಸಂಖ್ಯೆಯನ್ನು ಕಡಿಮೆ ಮಾಡಲು ನೆರವಾಗುತ್ತಿದೆ. ಸಲೇಮಾ ಇಲ್ಲದಿದ್ದರೆ ಹುಲ್ಲು ಜಾಸ್ತಿ ಆಗುತ್ತಿತ್ತು ಅಂತ ಸುಲಭವಾಗಿ ಹೇಳುವ ಹಾಗಿಲ್ಲ.

ಹಾಗಂತ ಎಲ್ಲ ಕಡೆ ಇದೇ ಕತೆ ಅಲ್ಲ. ಬಂಡೆಗಳ ಮೇಲೆ ಬೆಳೆಯುವ ಸಿಸ್ಟೋಸೈರಾ ಜಾತಿಯ ಕಂದು ಕಡಲಕಳೆ ಮೆಡಿಟರೇನಿಯನ್‌ನ ಎಷ್ಟೋ ಕಡೆ ಅಳಿದುಹೋಗಿದೆ. ಅದನ್ನು ಮತ್ತೆ ನೆಡುವ ಪ್ರಯತ್ನ ನಡೆದಿದೆ. ಎಳೆಯ ಸಸಿ ನೆಟ್ಟರೆ ಸಲೇಮಾ ಹಿಂಡು ಬಂದು ಮುಗಿಸಿಬಿಡುತ್ತದೆ. ತಪ್ಪು ಅರ್ಚಿನ್‌ಗಳದ್ದು ಅಂತಲೇ ಎಲ್ಲರೂ ಭಾವಿಸಿದ್ದರು, ಸಲೇಮಾದ ಪಾಲು ಲೆಕ್ಕಕ್ಕೆ ಬಂದದ್ದು ತಡವಾಗಿ. ಕಡಲಕಳೆಯ ದೊಡ್ಡ ಕಾಡೇ ಇದ್ದಾಗ ಒಂದಿಷ್ಟು ಮೇಯ್ದರೆ ಗೊತ್ತೇ ಆಗುವುದಿಲ್ಲ. ಹತ್ತು ಸಸಿ ಮಾತ್ರ ಉಳಿದಿರುವಾಗ ಅದೇ ಹಿಂಡು ಬಂದರೆ ಏನು ಉಳಿದೀತು?

ಪೂರ್ವ ಮೆಡಿಟರೇನಿಯನ್‌ನಲ್ಲಿ ಕತೆ ಇನ್ನೂ ಕಠಿಣ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಕೆಂಪು ಸಮುದ್ರದ ಮೀನುಗಳಿಗೆ ದಾರಿಯಾಯಿತು. ಮೊಲಮೀನು ಅಂತ ಕರೆಯಬಹುದಾದ ಸಿಗಾನಸ್ ಕುಲದ ಎರಡು ಜಾತಿಗಳು ಆ ದಾರಿಯಲ್ಲಿ ಬಂದವು. ಒಂದು 1920ರ ದಶಕದಲ್ಲಿ ಕಾಣಿಸಿಕೊಂಡಿತು, ಇನ್ನೊಂದು 1950ರ ದಶಕದಲ್ಲಿ. ಈ ಕುಲದ ಬೇರೆ ಜಾತಿಗಳು ನಮ್ಮ ಅರಬ್ಬಿ ಸಮುದ್ರದಲ್ಲೂ ಇವೆ. ರೆಕ್ಕೆಯ ಮುಳ್ಳು ಚುಚ್ಚಿದರೆ ವಿಷ, ಉರಿ ಜೋರು. ಬಲೆ ಬಿಡಿಸುವವರಿಗೆ ಇದರ ಅನುಭವ ಇರುತ್ತದೆ.

ಲೆಬನಾನ್, ಇಸ್ರೇಲ್ ಕರಾವಳಿಯಲ್ಲಿ ಹಿಂದೆ ಧಾರಾಳವಾಗಿದ್ದ ಸಲೇಮಾ ಈಗ ಅಪರೂಪ. ಅದರ ಜಾಗದಲ್ಲಿ ಮೊಲಮೀನಿನ ಹಿಂಡುಗಳಿವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಟರ್ಕಿ, ಗ್ರೀಸ್‌ನ ಸುಮಾರು ಸಾವಿರ ಕಿಲೋಮೀಟರ್ ಕರಾವಳಿಯನ್ನು ನೋಡಿತು. ಮೊಲಮೀನು ಜಾಸ್ತಿ ಇರುವ ಕಡೆ ದೊಡ್ಡ ಕಡಲಕಳೆ ಶೇ 65ರಷ್ಟು ಕಡಿಮೆ. ಒಟ್ಟು ಜೀವಜಾತಿಗಳೇ ಶೇ 40ರಷ್ಟು ಕಡಿಮೆ. ಬಂಡೆಗಳು ಬೋಳು. ಮೊಲಮೀನು ಸಲೇಮಾಗಿಂತ ವೇಗವಾಗಿ ತಿನ್ನುತ್ತದಾ? ಇಲ್ಲ. ಬೆಳೆದ ಕಡಲಕಳೆಯನ್ನು ಸಲೇಮಾವೇ ಜೋರಾಗಿ ತಿನ್ನುತ್ತಿತ್ತು. ವ್ಯತ್ಯಾಸ ಇರುವುದು ಬೇರೆ ಕಡೆ. ಮೊಲಮೀನು ಬೆಳೆದದ್ದನ್ನೂ ತಿನ್ನುತ್ತದೆ, ಬಂಡೆಯ ಮೇಲೆ ಈಗಷ್ಟೇ ಮೊಳೆತದ್ದನ್ನೂ ಕೆರೆದು ತಿನ್ನುತ್ತದೆ. ಹೊಸತು ಹುಟ್ಟುವುದಕ್ಕೇ ಅವಕಾಶ ಇಲ್ಲ. ನೀರು ಬಿಸಿಯಾಗುತ್ತಿದ್ದಂತೆ ಈ ಮೀನುಗಳು ಪಶ್ಚಿಮಕ್ಕೆ ಸರಿಯುತ್ತಿವೆ.

ಮೇಯುವ ಪ್ರಾಣಿಯನ್ನು ಒಳ್ಳೆಯದು, ಕೆಟ್ಟದ್ದು ಅಂತ ವಿಂಗಡಿಸಲು ನನಗೆ ಮನಸ್ಸಿಲ್ಲ. ಎಷ್ಟು ಮೇವಿದೆ, ಯಾವ ಭಾಗ ತಿನ್ನುತ್ತದೆ, ಜೊತೆಗೆ ಇನ್ಯಾರಿದ್ದಾರೆ, ಅದನ್ನು ತಿನ್ನುವವರು ಉಳಿದಿದ್ದಾರಾ, ಇವನ್ನೆಲ್ಲ ನೋಡದೆ ತೀರ್ಪು ಕೊಟ್ಟರೆ ಕಡಲಿಗೂ ಅನ್ಯಾಯ, ಅದನ್ನು ನಂಬಿದವರಿಗೂ ಅನ್ಯಾಯ.

ಲಕ್ಷದ್ವೀಪದಲ್ಲಿ ಇದು ಕಣ್ಣೆದುರೇ ನಡೆದಿದೆ. ಅಲ್ಲಿ ಮೇಯುವುದು ಮೀನಲ್ಲ, ಹಸಿರು ಆಮೆ. ನಮ್ಮಲ್ಲಿ ಆಮೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಇರಲೇಬೇಕು. ಅಗತ್ತಿ ದ್ವೀಪದ ಲಗೂನಿನಲ್ಲಿ, ಅಂದರೆ ಹವಳ ದಿಬ್ಬದ ಒಳಗಿನ ಆಳ ಇಲ್ಲದ ನೀರಿನಲ್ಲಿ, ಆಮೆಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದವು. ಕಡಲ ಹುಲ್ಲು ತಿಂದು ತಿಂದು ಹುಲ್ಲುಗಾವಲು ಬರಿದಾಯಿತು. ಆಮೇಲೆ ಬೇರೆ ದ್ವೀಪಗಳ ಲಗೂನುಗಳಿಗೆ ಹೋದವು, ಅಲ್ಲಿಯೂ ಹಾಗೇ ಆಯಿತು. ಹುಲ್ಲು ಹೋದರೆ ಅದರೊಳಗೆ ಬೆಳೆಯುವ ಮೀನೂ ಹೋಗುತ್ತದೆ. ಅಲ್ಲಿನ ಮೀನುಗಾರರು ಆಮೆಯಿಂದ ನಮ್ಮ ಮೀನು ಹೋಯಿತು ಅಂತ ದೂರಿದರು. ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಅವರ ಜೊತೆಯವರು. ಆ ಜೊತೆಯವರಲ್ಲಿ ತೆರೇಸಾ ಅಲ್ಕೊವೆರೋ ಕೂಡ ಇದ್ದಾರೆ, ಕ್ಯಾಟಲೋನಿಯಾದಲ್ಲಿ ಸಲೇಮಾ ಎಷ್ಟು ತಿನ್ನುತ್ತದೆ ಅಂತ ಅಳೆದ ಅದೇ ವಿಜ್ಞಾನಿ. ಮೀನುಗಾರರ ದೂರನ್ನು ತಳ್ಳಿಹಾಕದೆ, ಹುಲ್ಲನ್ನೂ ಮೀನನ್ನೂ ಅಳೆದು ನೋಡಿದರು. ದೂರಿನಲ್ಲಿ ಹುರುಳಿತ್ತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ದಡದಲ್ಲಿ ಬದುಕುವವರು ದಿನಾ ನೋಡುವುದನ್ನು ನಾವು ಅಳತೆಪಟ್ಟಿ ಹಿಡಿದು ಹೋಗಿ ನೋಡಬೇಕು. ಅರಿಸ್ಟಾಟಲ್ ಸೋರೆಕಾಯಿ ವಿಷಯ ಕಲಿತದ್ದೂ ಹಾಗೇ ಇರಬೇಕು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕಾಲೇಜು ಹುಡುಗಿಯೊಬ್ಬಳು, "ಸರ್, ಸಲೇಮಾ ಜಾಸ್ತಿ ಆದ ಕಡೆ ಹಿಡಿದು ಕಡಿಮೆ ಮಾಡಬಹುದಲ್ವಾ?" ಅಂತ ಕೇಳಿದಳು. ಕೇಳಲು ಸರಳ, ಮಾಡಲು ಹಾಗಲ್ಲ. ಸಲೇಮಾ ಮೊದಲು ಗಂಡಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಹೋಗುವುದು ಹೆಣ್ಣುಗಳೇ. ಸಂಖ್ಯೆ ಎಷ್ಟು ಇಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕುವುದು ಕಷ್ಟ. ಬೇಟೆಗಾರ ಮೀನುಗಳನ್ನು ಉಳಿಸಿದರೆ ಅವೇ ಕಡಿಮೆ ಮಾಡುತ್ತವೆ ಅನ್ನುವ ಹಾಗೂ ಇಲ್ಲ. ಕ್ಯಾಟಲೋನಿಯಾದ ಮೆಡೆಸ್ ದ್ವೀಪಗಳಂಥ ಸಂರಕ್ಷಿತ ಜಾಗದಲ್ಲಿ ಬೇಟೆಗಾರ ಮೀನುಗಳೂ ಜಾಸ್ತಿ, ಸಲೇಮಾವೂ ಜಾಸ್ತಿ. ಸದ್ಯಕ್ಕೆ ಕಡಲಕಳೆ ನೆಡುವವರು ಮೀನನ್ನು ಹಿಡಿಯುವ ಗೋಜಿಗೆ ಹೋಗದೆ, ಸಸಿ ಬಲಿಯುವವರೆಗೆ ಸುತ್ತ ಬಲೆಯ ಗೂಡು ಕಟ್ಟುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಇನ್ನೊಬ್ಬರು ಹಿರಿಯರು. ಮಗ ಬಾರ್ಸಿಲೋನಾದಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿಗೆ ಹೋಗುವವರಿದ್ದೇವೆ, ನೀರಿಗೆ ಇಳಿಯದೆ ಈ ಮೀನನ್ನು ನೋಡಬಹುದಾ ಅಂದರು. ಬಂಡೆ ಇರುವ ದಡದಲ್ಲಿ ನೀರು ತಿಳಿಯಾಗಿದ್ದರೆ ಮೇಲಿನಿಂದಲೇ ಹಿಂಡು ಕಾಣುತ್ತದೆ, ತಿರುಗುವಾಗ ಹೊಟ್ಟೆ ಮಿನುಗುತ್ತದೆ. ಕಾಣದಿದ್ದರೂ ಚಿಂತೆ ಇಲ್ಲ. ಪೊಸಿಡೋನಿಯಾ ಹಳೆ ಎಲೆಗಳನ್ನು ಹೆಚ್ಚಾಗಿ ಉದುರಿಸುವುದು ಬೇಸಿಗೆ ಕಳೆದ ಮೇಲೆ. ಅಲೆ ಅವನ್ನು ದಡಕ್ಕೆ ತಂದು ರಾಶಿ ಹಾಕುತ್ತದೆ. ಕೆಲವರು ಅದನ್ನು ಕಸ ಅಂದುಕೊಳ್ಳುತ್ತಾರೆ, ಮರಳು ಕೊಚ್ಚಿಹೋಗದಂತೆ ತಡೆಯುವುದು ಅದೇ ರಾಶಿ. ಹಾಗಾಗಿ ಅಲ್ಲಿಂದ ಏನನ್ನೂ ಹೊತ್ತು ತರಬೇಡಿ. ನಾಲ್ಕು ಎಲೆ ಎತ್ತಿ ಅಂಚು ನೋಡಿ, ಅಲ್ಲೇ ಬಿಟ್ಟು ಬನ್ನಿ ಅಂದೆ. ನಯವಾದ ಅರ್ಧ ಚಂದ್ರ ಇದ್ದರೆ ಸಲೇಮಾ, ನಾರು ನಾರಾಗಿದ್ದರೆ ಅರ್ಚಿನ್.